ಪದ ಬೇಕು: ಆಟದ ‘ಸೀಸನ್’ಗೆ ಏನನ್ನೋಣ? (ನಾಳೆ ರಾತ್ರಿಯೊಳಗೆ)

ಎಲ್ಲರಿಗೂ ನಮಸ್ಕಾರ,

ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಬರೆದಿದ್ದೇನೆ. ನಾಳೆ ರಾತ್ರಿ ಪುಟಗಳು ಅಚ್ಚಿಗೆ ಹೋಗುತ್ತವೆ, ತಲೆಬರಹ ಮಾತ್ರ ಕೂರುತ್ತಿಲ್ಲ.

ಅಮೆರಿಕದ ಟೆನೆಸಿ ರಾಜ್ಯದ ಗುಡ್ಡದ ಮೇಲೆ ಸಿವಾನಿ ಅಂತ ಒಂದು ಊರು, ಅಲ್ಲೊಂದು ಚಿಕ್ಕ ವಿಶ್ವವಿದ್ಯಾಲಯ. 1899ರಲ್ಲಿ ಅವರ ಅಮೆರಿಕನ್ ಫುಟ್‌ಬಾಲ್ ತಂಡ 12 ಪಂದ್ಯ ಆಡಿ 12ನ್ನೂ ಗೆದ್ದಿತು. ಇವರ ಅಂಕ 322, ಎದುರಾಳಿಗಳದ್ದು ಎಲ್ಲ ಸೇರಿ 10. ಅದರಲ್ಲೂ ನವೆಂಬರ್ 9ರಿಂದ 14ರವರೆಗೆ, ಆರೇ ದಿನದಲ್ಲಿ, ರೈಲಿನಲ್ಲಿ ಊರೂರು ಸುತ್ತಿ ಬೇರೆ ವಿಶ್ವವಿದ್ಯಾಲಯಗಳ ತಂಡಗಳ ಮೇಲೆ ಐದು ಪಂದ್ಯ: ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ, ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ, ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ, ಭಾನುವಾರ ಬಿಡುವು, ಮತ್ತೆ ಬ್ಯಾಟನ್ ರೂಜ್, ಮೆಂಫಿಸ್ ಊರುಗಳಲ್ಲಿ ಒಂದೊಂದು. ಐದರಲ್ಲೂ ಎದುರಾಳಿಗೆ ಸೊನ್ನೆ.

ಈಗ ‘1899ರ ಸೀಸನ್’ ಅನ್ನೋದಕ್ಕೆ ಏನು ಬರೆಯಲಿ? ‘ಋತು’ ಅಂತ ಹಾಕಿದ್ದೆ. ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದರೆ, ಮಳೆ ಚಳಿ ಬಗ್ಗೆ ಬರೆದಿದ್ದೀಯಾ ಅಂತ ಕೇಳಿದರು. ‘ಶಟ್‌ಔಟ್’, ‘ಟಚ್‌ಡೌನ್’ ಇವಕ್ಕೂ ಏನಾದರೂ ಇದ್ದರೆ ಹೇಳಿ. ಮೊದಲನೆಯದು ಎದುರಾಳಿಗೆ ಒಂದೂ ಅಂಕ ಬಿಡದೆ ಗೆಲ್ಲೋದು, ಎರಡನೆಯದು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸೋದು.

— ನ್ಯಾಶ್‌ವಿಲ್‌ನಿಂದ

ಮರು:

ಹಂಗಾಮು. ಇದರಲ್ಲಿ ಚರ್ಚೆಗೆ ಏನಿದೆ? ಮುಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು ಅಂತ ದಿನಾ ಪೇಪರಿನಲ್ಲಿ ಓದುತ್ತೀರಿ. ಕೆಲಸ ಶುರುವಾಗುತ್ತೆ, ಜೋರಾಗಿ ನಡೆಯುತ್ತೆ, ನಿಲ್ಲುತ್ತೆ. ಆಟವೂ ಅಷ್ಟೇ.

— ಮಂಡ್ಯದಿಂದ

ಮರು:

ಹಂಗಾಮು ಪಾರ್ಸಿ. ಋತು ಸಂಸ್ಕೃತ. ಎರಡೂ ಬೇಡ.

ಮೂಲ ನೋಡದೆ ಪದ ಹುಡುಕಿದರೆ ಹೀಗೇ ಆಗೋದು. ಇಂಗ್ಲಿಷಿನ ‘ಸೀಸನ್’ ಫ್ರೆಂಚಿನ ಮೂಲಕ ಬಂದದ್ದು, ಅದರ ಬೇರು ಲ್ಯಾಟಿನ್, ಅಲ್ಲಿ ಅದರ ಅರ್ಥ ಬಿತ್ತನೆ. ಅಂದರೆ ಅದು ಹೊಲದ ಮಾತು. ನಮ್ಮಲ್ಲೂ ಹೊಲದ ಮಾತನ್ನೇ ಹಿಡಿಯಬೇಕು. ‘ಸುಗ್ಗಿ’ ಅನ್ನಿ. ಅಚ್ಚಕನ್ನಡ, ಎರಡೇ ಅಕ್ಷರ, ತಲೆಬರಹಕ್ಕೆ ಚೆನ್ನಾಗಿ ಕೂರುತ್ತೆ. 322 ಅಂಕ ಬಾಚಿದವರಿಗೆ ಸುಗ್ಗಿಯೇ ಅಲ್ವಾ?

— ಮೈಸೂರಿನಿಂದ

ಮರು:

ಸುಗ್ಗಿ ಅಂದರೆ ಕೊಯ್ಲು. ಎಲ್ಲ ಪಂದ್ಯ ಸೋತ ತಂಡದ ಸೀಸನ್‌ಗೂ ಸುಗ್ಗಿ ಅಂತೀರಾ? ಗೆದ್ದವರಿಗೊಂದು, ಸೋತವರಿಗೊಂದು ಪದ ಇಟ್ಟುಕೊಳ್ಳೋಕಾಗಲ್ಲ.

ಇನ್ನು ಪಾರ್ಸಿ ಅಂತ ತಳ್ಳಿಹಾಕಿದಿರಿ. ‘ಜಮೀನು’ ಪಾರ್ಸಿ, ‘ರೈತ’ ಅರಬ್ಬಿಯಿಂದ ಬಂದದ್ದು. ನಮ್ಮೂರಿನ ರೈತ ತನ್ನ ಜಮೀನಿನಲ್ಲಿ ನಿಂತು ಹಂಗಾಮು ಅಂದರೆ ಅದು ಕನ್ನಡ ಅಲ್ಲ ಅನ್ನೋ ಧೈರ್ಯ ನನಗಿಲ್ಲ.

— ಮಂಡ್ಯದಿಂದ

ಮರು:

ಬಂದದ್ದು ಬಂದಾಯ್ತು. ಅದನ್ನು ತೆಗೆಯಿರಿ ಅಂತ ನಾನು ಹೇಳಿಲ್ಲ. ಹೊಸ ಜಾಗಕ್ಕೆ ಪದ ಕೂರಿಸುವಾಗಲಾದರೂ ಮನೆಯದನ್ನು ಮೊದಲು ನೋಡಿ ಅಂತ ಹೇಳಿದೆ. ಹಂಗಾಮಿ ನೌಕರ, ಹಂಗಾಮಿ ಸಭಾಪತಿ ಅಂತ ಓದಿದವರಿಗೆ ‘ಹಂಗಾಮು’ ಅಂದ ತಕ್ಷಣ ತಾತ್ಕಾಲಿಕ ಅನ್ನೋದೇ ಹೊಳೆಯುತ್ತೆ. ಅದಕ್ಕೇನು ಹೇಳ್ತೀರಿ?

— ಮೈಸೂರಿನಿಂದ

ಮರು:

ಇಬ್ಬರೂ ಹೊಲದಲ್ಲೇ ನಿಂತಿದ್ದೀರಿ. ಆಟದ ಪದ ಆಟದವರ ಹತ್ತಿರ ಇರುತ್ತೆ.

ಯಕ್ಷಗಾನ ಮೇಳದವರು ‘ತಿರುಗಾಟ’ ಅಂತಾರೆ. ಮಳೆ ಹೋದ ಮೇಲೆ ಮೇಳ ಹೊರಡುತ್ತೆ, ಪೆಟ್ಟಿಗೆ ಕಟ್ಟಿಕೊಂಡು ರಾತ್ರಿಗೊಂದು ಊರಿನಲ್ಲಿ ಆಟ, ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಆ ವರ್ಷದ ತಿರುಗಾಟ ಮುಗಿಯಿತು. ಯಕ್ಷಗಾನವನ್ನು ನಾವು ‘ಆಟ’ ಅಂತಲೇ ಕರೆಯೋದು ಕೂಡ. ನನ್ನ ಅಜ್ಜ ಚೆಂಡೆ ಬಾರಿಸುತ್ತಿದ್ದರು. ವಯಸ್ಸು ಎಷ್ಟು ಅಂದರೆ ಬೆರಳು ಮಡಚಿ ಲೆಕ್ಕ ಹಾಕಬೇಕಿತ್ತು, ಎಷ್ಟು ತಿರುಗಾಟ ಆಯಿತು ಅಂದರೆ ಥಟ್ಟನೆ ಮೂವತ್ತೊಂದು ಅನ್ನುತ್ತಿದ್ದರು. ಆಟಗಾರನ ಅನುಭವ ಅಳೆಯೋಕೆ ‘ಸೀಸನ್’ ಅನ್ನೋದನ್ನ ಇಂಗ್ಲಿಷಿನವರು ಹೇಗೆ ಬಳಸುತ್ತಾರೋ ಹಾಗೇ.

‘ಶಟ್‌ಔಟ್’ಗೆ: ಖಾತೆ ತೆರೆಯಲು ಬಿಡಲಿಲ್ಲ. ಪೇಪರಿನವರು ಆಗಲೇ ರೂಢಿಗೆ ತಂದಿದ್ದಾರೆ.

— ಉಡುಪಿಯಿಂದ

ಮರು:

ತಿರುಗಾಟ ಅಂದರೆ ನಮ್ಮ ಕಡೆ ಕೆಲಸ ಇಲ್ಲದೆ ಸುತ್ತೋದು. ಮನೆಯಲ್ಲಿ ಮಕ್ಕಳಿಗೆ ಬೈಯುವಾಗ ಬರುವ ಮಾತು. ನಿಮ್ಮ ಕರಾವಳಿಯ ಅರ್ಥ ಘಟ್ಟ ಹತ್ತಿ ಬರಲ್ಲ.

ಮತ್ತೆ, ಈ ತಂಡ ಆರು ದಿನ ನಿಜವಾಗಿಯೂ ತಿರುಗಿದೆ. ಇಡೀ ಸೀಸನ್‌ಗೆ ತಿರುಗಾಟ ಅಂದುಬಿಟ್ಟರೆ ಆ ಆರು ದಿನಕ್ಕೆ ಏನನ್ನುತ್ತೀರಿ?

ಸೀಸನ್ ಅಂತಲೇ ಬಿಡಿ. ಮಾವಿನ ಸೀಸನ್, ಮದುವೆ ಸೀಸನ್ ಅಂತ ಎಲ್ಲರೂ ಅಂತಾರೆ.

— ಮಂಡ್ಯದಿಂದ

ಮರು:

ಎಲ್ಲ ಬಿಟ್ಟು ಕೊನೆಗೆ ಇಂಗ್ಲಿಷಿಗೇ ಶರಣಾದಿರಿ. ತಿರುಗಾಟ ಕನ್ನಡದ್ದು. ನನಗೆ ಒಪ್ಪಿಗೆ. ಸುಗ್ಗಿಯನ್ನು ಬಿಟ್ಟುಕೊಟ್ಟಿದ್ದೇನೆ ಅಂತ ಮಾತ್ರ ತಿಳಿಯಬೇಡಿ.

— ಮೈಸೂರಿನಿಂದ

ಮರು:

ಎಲ್ಲರಿಗೂ ಧನ್ಯವಾದ. ಬೆಳಗಿನ ಜಾವದ ತನಕ ಇದನ್ನೇ ತಲೆಯಲ್ಲಿ ಹೊತ್ತುಕೊಂಡು ಲೇಖನವನ್ನು ಮತ್ತೊಮ್ಮೆ ಓದಿದೆ.

ಉಡುಪಿಯವರ ಮಾತು ಓದಿ ಇನ್ನಷ್ಟು ವಿಷಯ ಹೊಂದಿಕೊಂಡವು. ಈ ಸುತ್ತಾಟ ಹುಟ್ಟಿದ್ದೇ ದುಡ್ಡಿನ ಜಗಳದಿಂದ. ಟಿಕೆಟ್ ಹಣ ಹಂಚಿಕೊಳ್ಳುವ ವಿಷಯದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಕೆಟ್ಟು, ಆ ವರ್ಷದ ಅವರ ಪಂದ್ಯವೇ ನಿಂತುಹೋಯಿತು. ತಂಡದ ಮ್ಯಾನೇಜರ್ ಲ್ಯೂಕ್ ಲೀ, ಆಗ ಅಲ್ಲೇ ಓದುತ್ತಿದ್ದ ಹುಡುಗ, ಮುಂದೆ ಅಮೆರಿಕದ ಸೆನೆಟರ್ ಆದ. ತುಂಬಬೇಕಿದ್ದ ಹಣಕ್ಕಾಗಿ ಅವನು ದೂರದ ಊರುಗಳಲ್ಲಿ ಸಾಲಾಗಿ ಪಂದ್ಯ ಹಿಡಿದ. ಸುಮಾರು 4,000 ಕಿಲೋಮೀಟರ್ ರೈಲು. ಆಟಗಾರರು 21 ಜನ. ಹೊರಗಿನ ನೀರು ಕುಡಿದು ಹೊಟ್ಟೆ ಕೆಡಬಾರದು ಅಂತ ಸಿವಾನಿಯ ಚಿಲುಮೆಯ ನೀರನ್ನು ಎರಡು ಪೀಪಾಯಿ ತುಂಬಿಸಿ ರೈಲಿಗೆ ಹೇರಿದ್ದರು. ಮೇಳ ಪೆಟ್ಟಿಗೆ ಕಟ್ಟಿ ಹೊರಟ ಹಾಗೇ ಇದೆ ಇದು!

ಆದರೆ ಮಂಡ್ಯದವರ ಪ್ರಶ್ನೆಯನ್ನು ಪಕ್ಕಕ್ಕಿಡೋಕಾಗಲ್ಲ. ಅಕ್ಟೋಬರ್ 21ರಿಂದ ಡಿಸೆಂಬರ್ 2ರವರೆಗಿನ 12 ಪಂದ್ಯಕ್ಕೆ ಒಂದು ಹೆಸರು, ಆ ಆರು ದಿನಕ್ಕೆ ಇನ್ನೊಂದು ಹೆಸರು ಬೇಕೇ ಬೇಕು. ಯಾಕಂದರೆ ಎದುರಾಳಿಗೆ ಸಿಕ್ಕ ಆ 10 ಅಂಕ ಬಂದಿದ್ದು ರೈಲಿನ ಆರು ದಿನದಲ್ಲಲ್ಲ, ಆಮೇಲೆ, ನವೆಂಬರ್ 30ರಂದು. ಜಾನ್ ಹೈಸ್ಮನ್ ತರಬೇತಿ ಕೊಟ್ಟ ಆಬರ್ನ್ ತಂಡದ ಮೇಲೆ 11–10, ಒಂದೇ ಅಂಕದ ಗೆಲುವು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಇದನ್ನು ತಪ್ಪಾಗಿ ತಿಳಿಯುತ್ತಾರೆ.

ಹಾಗಾಗಿ ಇಡೀ ವರ್ಷದ ಆಟಕ್ಕೆ ತಿರುಗಾಟ, ಆರು ದಿನದ್ದಕ್ಕೆ ರೈಲು ಪಯಣ. ತಿರುಗಾಟ ಅಂದರೆ ಮೇಳದವರ ತಿರುಗಾಟದ ಹಾಗೆ ಅಂತ ಮೊದಲ ಪ್ಯಾರಾದಲ್ಲೇ ಒಂದು ಸಾಲು ಸೇರಿಸಿದ್ದೇನೆ, ಘಟ್ಟದ ಮೇಲಿನವರಿಗಾಗಿ. ಖಾತೆ ತೆರೆಯಲು ಬಿಡಲಿಲ್ಲ ಅನ್ನೋದನ್ನ ಹಾಗೇ ಎತ್ತಿಕೊಂಡೆ. ಟಚ್‌ಡೌನ್ ಟಚ್‌ಡೌನ್ ಆಗಿಯೇ ಉಳಿಯಿತು, ಆಗ ಅದಕ್ಕೆ 5 ಅಂಕ, ಈಗಿನಂತೆ 6 ಅಲ್ಲ ಅಂತ ಮಾತ್ರ ಬರೆದೆ.

ಅಮ್ಮನಿಗೆ ಮತ್ತೆ ಓದಿ ಹೇಳಿದೆ. “ಯಾವ ಮೇಳ?” ಅಂತ ಕೇಳಿದರು. ಪುಟ ಕಳಿಸಿದೆ.

— ನ್ಯಾಶ್‌ವಿಲ್‌ನಿಂದ