ಬಿಳಿ ರಕ್ತಕಣ ನಾರ್ಮಲ್ ಇದ್ದರೆ ಅಪೆಂಡಿಕ್ಸ್ ಅಲ್ಲ ಅಂತಾನಾ?

ಕೋಣಂದೂರಿನ ತಂದೆ:
ಮಗನಿಗೆ 14 ವರ್ಷ. ನಿನ್ನೆ ರಾತ್ರಿ ಹೊಕ್ಕುಳ ಸುತ್ತ ನೋವು ಎಂದ. ಸಂಜೆ ಹಲಸಿನ ಹಣ್ಣು ಜಾಸ್ತಿ ತಿಂದಿದ್ದ, ಅದಕ್ಕೇ ಇರಬೇಕು ಎಂದು ಜೀರಿಗೆ ಕಷಾಯ ಕೊಟ್ಟೆವು. ಬೆಳಗಿನ ಜಾವ ವಾಂತಿ ಆಯಿತು. ಈಗ ನೋವು ಬಲಗಡೆ ಕೆಳಹೊಟ್ಟೆಗೆ ಬಂದಿದೆ. ಗಂಜಿಯೂ ಬೇಡ ಅಂತಾನೆ. ಜ್ವರ ಇಲ್ಲ. ಬೆಳಿಗ್ಗೆಯೇ ತೀರ್ಥಹಳ್ಳಿಯಲ್ಲಿ ರಕ್ತ ಕೊಟ್ಟೆವು. ಬಿಳಿ ರಕ್ತಕಣ 9,800, ನಾರ್ಮಲ್. ಡಾಕ್ಟರು ಹೊಟ್ಟೆ ಒತ್ತಿದಾಗ ಬಲಗಡೆ ಚೀರಿದ. ಶಿವಮೊಗ್ಗಕ್ಕೆ ಹೋಗಿ ಸರ್ಜನ್‌ಗೆ ತೋರಿಸಿ ಎಂದರು. ಅಪ್ಪಯ್ಯ ಮಾತ್ರ, 'ರಿಪೋರ್ಟ್ ಸರಿ ಇದೆಯಲ್ಲ, ಈ ಮಳೆಯಲ್ಲಿ ಸುಮ್ನೆ ಯಾಕೆ' ಅಂತಿದ್ದಾರೆ. ಏನು ಮಾಡಲಿ?

ಲ್ಯಾಬ್ ಅಕ್ಕ, ಶಿವಮೊಗ್ಗ:
ಅಣ್ಣಾ, ಇವತ್ತೇ ಹೊರಡಿ. ನಾನು ಲ್ಯಾಬಿನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಅದಕ್ಕೇ ಹೇಳುತ್ತೇನೆ, ಆ ಚೀಟಿಯೊಂದನ್ನೇ ನಂಬಿ ಕೂರಬೇಡಿ. ಅಪೆಂಡಿಕ್ಸ್ ಹೌದೋ ಅಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಬಿಳಿ ರಕ್ತಕಣದ ಕೌಂಟ್ ಏರಿದರೆ ಎಲ್ಲೋ ಸೋಂಕು, ಉರಿಯೂತ ಇರಬಹುದು ಅಂತಷ್ಟೇ. ಮೂತ್ರದ ಸೋಂಕಿಗೂ ಏರುತ್ತದೆ, ನ್ಯುಮೋನಿಯಾಕ್ಕೂ ಏರುತ್ತದೆ. ಅಪೆಂಡಿಕ್ಸ್ ಊದಿದ್ದರೂ ಕೆಲವರಿಗೆ ಏರುವುದೇ ಇಲ್ಲ.

ಅಲ್ವರಾಡೊ ಎಂಬ ಡಾಕ್ಟರು 1986ರಲ್ಲಿ ಅಪೆಂಡಿಕ್ಸ್ ಶಂಕೆಗೆ ಒಂದು ಲೆಕ್ಕ ಮಾಡಿಕೊಟ್ಟರು, ಅಂಕ ಹೆಚ್ಚಿದಷ್ಟೂ ಶಂಕೆ ಹೆಚ್ಚು. ಒಟ್ಟು 10 ಅಂಕ. ಅದರಲ್ಲಿ ರಕ್ತಕ್ಕೆ ಬರೀ 3: ಕೌಂಟ್ 10,000 ದಾಟಿದರೆ 2, ನ್ಯೂಟ್ರೋಫಿಲ್ (ಬಿಳಿ ರಕ್ತಕಣದಲ್ಲೇ ಒಂದು ಬಗೆ) ಹೆಚ್ಚಿದ್ದರೆ 1. ಉಳಿದ 7 ಅಂಕ ರೋಗಿಯ ಮಾತು, ಮೈಬಿಸಿ, ಡಾಕ್ಟರ ಕೈಯಿಂದ. ನಿಮ್ಮ ಮಗನದ್ದೇ ನೋಡಿ. ನೋವು ಬಲಕ್ಕೆ ಸರಿದದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1, ವಾಂತಿಗೆ 1, ಒತ್ತಿದಾಗ ನೋವಿಗೆ 2. ರಕ್ತ ಬಿಟ್ಟೂ 5 ಆಗಲೇ ಆಯಿತು, ಅಲ್ವಾ? ಇದು ಬಿಟ್ಟುಬಿಡುವ ಲೆಕ್ಕವಲ್ಲ. ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಶೇಕಡಾ ಎಷ್ಟಿದೆ, ನೋಡಿ. 75 ದಾಟಿದ್ದರೆ ಇನ್ನೊಂದು ಅಂಕ ಸೇರುತ್ತದೆ.

ಸಿಆರ್‌ಪಿ, ಅಂದರೆ ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ, ಮಾಡಿಸಿದ್ದರೆ ಅದನ್ನೂ ಒಯ್ಯಿರಿ. ಆದರೆ ಅದು ನಿಧಾನಕ್ಕೆ ಏರುತ್ತದೆ. ಶುರುವಿನ ಗಂಟೆಗಳಲ್ಲಿ ನಾರ್ಮಲ್ ಬಂದರೆ ಏನೂ ಇಲ್ಲ ಅಂತಲ್ಲ. ಅದಕ್ಕೇ ನೋವು ಎಷ್ಟು ಹೊತ್ತಿಗೆ ಶುರುವಾಯಿತು, ರಕ್ತ ಎಷ್ಟು ಹೊತ್ತಿಗೆ ತೆಗೆದರು, ಎರಡನ್ನೂ ಸರ್ಜನ್‌ಗೆ ಹೇಳಿ. ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದರೆ ಬೇಸರ ಬೇಡ. ಏರುತ್ತಿದೆಯಾ ಎಂದು ನೋಡುವುದಕ್ಕೇ ಅದು.

ದಾರಿಯಲ್ಲಿ ಏನೂ ತಿನ್ನಿಸಬೇಡಿ. ಹರಳೆಣ್ಣೆ, ಭೇದಿ ಮಾತ್ರೆ ಖಂಡಿತ ಬೇಡ. ನೋವು ಇದ್ದಕ್ಕಿದ್ದಂತೆ ಕಮ್ಮಿಯಾದರೂ ವಾಪಸ್ ತಿರುಗಬೇಡಿ. ಅಪೆಂಡಿಕ್ಸ್ ಒಡೆದಾಗಲೂ ಸ್ವಲ್ಪ ಹೊತ್ತು ಹಾಗೆ ಹಗುರ ಅನಿಸಬಹುದು.

ಸಾಗರದವಳು:
ಅಕ್ಕ ಹೇಳಿದ್ದು ಸರಿ. ನನ್ನ ತಂಗಿಗೆ ಇದರ ಉಲ್ಟಾ ಆಗಿತ್ತು. ಕೌಂಟ್ 14,000 ಇತ್ತು, ಎಲ್ಲರೂ ಗಾಬರಿ. ಅವಳು ಬಸುರಿ. ಬಸುರಿಯರಿಗೆ ಕೌಂಟ್ ತಾನಾಗೇ ಏರಿರುತ್ತದೆ ಎಂದು ಡಾಕ್ಟರು ಹೇಳಿ, ಸ್ಕ್ಯಾನಿಂಗ್ ಮಾಡಿ ನೋಡಿದರು. ಅಪೆಂಡಿಕ್ಸ್ ಇರಲಿಲ್ಲ.

ಕೋಣಂದೂರಿನ ತಂದೆ:
ನ್ಯೂಟ್ರೋಫಿಲ್ 82 ಅಂತ ಇದೆ ಅಕ್ಕಾ. ಅಪ್ಪಯ್ಯನಿಗೂ ಓದಿ ಹೇಳಿದೆ, ಹೋಗಿ ಎಂದರು. ಗಾಡಿ ಹೇಳಿದ್ದೇನೆ. ಮಂಡಗದ್ದೆ ದಾರಿಯಲ್ಲೇ ಬರುತ್ತೇವೆ.