ಪದಚರ್ಚೆ: ಗನ್ ‘ಬ್ರ್ಯಾಂಡಿಶ್’ ಮಾಡಿದ ಅನ್ನುವುದಕ್ಕೆ ಝಳಪಿಸು, ತೋರಿಸು, ಬೆದರಿಸು – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ಕಾಡುತ್ತಿದೆ. ನಿಮ್ಮ ನೆರವು ಬೇಕು.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಒಂದು ಚಿನ್ನದ ಅಂಗಡಿಯಲ್ಲಿ ಗದಗಿನ ಕಡೆಯ ಅಕ್ಕನೊಬ್ಬರು ಕೆಲಸ ಮಾಡುತ್ತಾರೆ. ಕಳೆದ ವರ್ಷ ಮುಸುಕು ಹಾಕಿಕೊಂಡ ಮೂವರು ನುಗ್ಗಿ, ಸುತ್ತಿಗೆಯಿಂದ ಶೋಕೇಸಿನ ಗಾಜು ಒಡೆದು, ಬಳೆ ಸರ ಬಾಚಿಕೊಂಡು ಹೋದರು. ಸಿಕ್ಕಿಬಿದ್ದ ಒಬ್ಬ ಈಗ ಫೆಡರಲ್ ಕೋರ್ಟಿನಲ್ಲಿ, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿನಲ್ಲಿ, ತಪ್ಪು ಒಪ್ಪಿಕೊಂಡಿದ್ದಾನೆ. ಶಿಕ್ಷೆ ಎಷ್ಟು ಅಂತ ಗೊತ್ತುಮಾಡುವುದಕ್ಕೆ ಇಲ್ಲಿ ಬೇರೆಯೇ ದಿನ ಇರುತ್ತದೆ. 2004ರಲ್ಲಿ ಆದ ಕಾನೂನಿನಂತೆ ಅವತ್ತು ನೊಂದವರೂ ಜಡ್ಜ್ ಮುಂದೆ ಮಾತಾಡಬಹುದು. ಹಾಗಾಗಿ ಅಕ್ಕನಿಗೂ ಕಾಗದ ಬಂದಿದೆ. “ಇದನ್ನ ಕನ್ನಡದಾಗ ಬರದು ಕೊಡು ತಮ್ಮಾ” ಅಂದರು. ಬರೆಯಲು ಕೂತೆ. ಒಂದೇ ಪದದ ಹತ್ತಿರ ನಿಂತುಬಿಟ್ಟೆ.

ಇಲ್ಲಿನ ಫೆಡರಲ್ ಕಾನೂನಿನಲ್ಲಿ, ದರೋಡೆ ಮಾಡುವಾಗ ಗನ್ ಇದ್ದರೆ ದರೋಡೆಯ ಶಿಕ್ಷೆಯ ಜೊತೆಗೆ ಇನ್ನೊಂದು ಶಿಕ್ಷೆ ಬೀಳುತ್ತದೆ. ಗನ್ ಬಳಸಿದರೆ ಅಥವಾ ಬರೀ ಜೊತೆಗಿಟ್ಟುಕೊಂಡಿದ್ದರೂ ಕನಿಷ್ಠ 5 ವರ್ಷ. ‘ಬ್ರ್ಯಾಂಡಿಶ್’ ಮಾಡಿದರೆ ಕನಿಷ್ಠ 7. ಗುಂಡು ಹಾರಿಸಿದರೆ ಕನಿಷ್ಠ 10. ಐದಕ್ಕೂ ಏಳಕ್ಕೂ ನಡುವೆ ಇರುವುದು ಆ ಒಂದು ಪದ.

ನಿಘಂಟು ನೋಡಿದರೆ ‘ಝಳಪಿಸು’ ಅಂತ ಸಿಗುತ್ತದೆ. ಚೆಂದದ ಪದ. ಆದರೆ ಅದು ಕತ್ತಿಗೆ, ಮಚ್ಚಿಗೆ ಹೊಂದುವ ಪದ. ಅಲಗು ಹೊಳೆಯಬೇಕು, ಕೈ ಬೀಸಬೇಕು. ಪಿಸ್ತೂಲನ್ನು ಯಾರು ಝಳಪಿಸುತ್ತಾರೆ? ನಮ್ಮ ಪತ್ರಿಕೆಗಳಲ್ಲಿ ‘ಪಿಸ್ತೂಲ್ ತೋರಿಸಿ ದರೋಡೆ’ ಅಂತ ಬರುತ್ತದೆ. ಅದೇ ಸರಿ ಅಂದುಕೊಂಡು ‘ತೋರಿಸಿ’ ಅಂತ ಬರೆದು ಅಕ್ಕನಿಗೆ ಓದಿ ಹೇಳಿದೆ. ಅವರು ತಡೆದರು.

“ಗನ್ ಎಲ್ಲಿ ತೋರಿಸಿದಾ? ಅಂವ ಹೊರಗ ತಗೀಲೇ ಇಲ್ಲ. ಅಂಗಿ ಎತ್ತಿ ಟೊಂಕದ ಕಡೆ ಕೈ ಇಟ್ಟಾ. ಹಿಡಿಕಿ ಅಷ್ಟ ಕಾಣ್ತು. ಅಷ್ಟ ಸಾಕಾತು ನನಗ.”

ಹೇಳುವಾಗ ಅವರ ಬಲಗೈ ತಾನಾಗಿಯೇ ಸೀರೆಯ ನೆರಿಗೆ ಹತ್ತಿರ ಹೋಯಿತು, ಅವನು ಕೈಯಿಟ್ಟ ಜಾಗಕ್ಕೆ.

ಇಲ್ಲಿನ ಕಾನೂನು ಹೇಳುವುದೂ ಅದನ್ನೇ. ಇಡೀ ಗನ್ ಕಾಣಬೇಕಿಲ್ಲ, ಒಂದು ಭಾಗ ಕಂಡರೆ ಸಾಕು. ಏನೂ ಕಾಣದಿದ್ದರೂ, ಹೆದರಿಸುವ ಉದ್ದೇಶದಿಂದ ತನ್ನ ಹತ್ತಿರ ಗನ್ ಇದೆ ಅಂತ ಎದುರಿನವರಿಗೆ ಗೊತ್ತಾಗುವ ಹಾಗೆ ಮಾಡಿದರೂ ಅದು ಬ್ರ್ಯಾಂಡಿಶ್. ಹಾಗಾದರೆ ‘ತೋರಿಸು’ ಸಾಲದು. ಕೋರ್ಟಿನಲ್ಲಿ ‘ಅವನು ತೋರಿಸಲಿಲ್ಲ’ ಅಂತ ಅಕ್ಕ ಸುಮ್ನೆ ತಮ್ಮ ಮಾತಿನಲ್ಲಿ ಅಂದುಬಿಟ್ಟರೆ, ನಡೆದದ್ದೇ ಅಡಿಮೇಲಾಗಿ ಕೇಳಿಸುತ್ತದೆ ಅಲ್ವಾ?

ನನಗೆ ಹೊಳೆದದ್ದು ಹೀಗೆ. ಮೂರು ಮೆಟ್ಟಿಲಿಗೆ ಮೂರು ಕನ್ನಡ ಕ್ರಿಯಾಪದ: ಇಟ್ಟುಕೊಳ್ಳು, ಬೆದರಿಸು, ಹಾರಿಸು. ‘ಗನ್ನಿನ ಬೆದರಿಕೆ ಒಡ್ಡಿದ’ ಅಂದರೆ ಕಂಡಿತೋ ಇಲ್ಲವೋ ಅನ್ನುವ ಪ್ರಶ್ನೆ ಏಳುವುದಿಲ್ಲ. ಆದರೆ ಬೆದರಿಕೆ ಫೋನಿನಲ್ಲೂ ಹಾಕಬಹುದು. ಎದುರಿಗೆ ನಿಂತು ಅಂಗಿ ಎತ್ತಿದ್ದು ಆ ಮಾತಿನೊಳಗೆ ಬರುತ್ತದೆಯೇ? ಈ ಅನುಮಾನ ಬಿಡುತ್ತಿಲ್ಲ.

ನಮ್ಮಲ್ಲೂ ಏಳು ವರ್ಷದ ಲೆಕ್ಕ ಇದೆ. ಐಪಿಸಿ 397ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 311. ಮಾರಕಾಸ್ತ್ರ ‘ಬಳಸಿದರೆ’ ಕನಿಷ್ಠ 7 ವರ್ಷ. ನೊಂದವರ ಕಣ್ಣಿಗೆ ಬೀಳುವಂತೆ ಹಿಡಿದಿದ್ದರೂ ಅದು ಬಳಕೆಯೇ ಎಂದು 1975ರಲ್ಲೇ ಫೂಲ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ ಮೇಲೆ ನಮ್ಮ ಠಾಣೆ, ಕೋರ್ಟುಗಳಲ್ಲಿ ಇದಕ್ಕೊಂದು ಮಾತು ಬಳಕೆಯಲ್ಲಿ ಇರಲೇಬೇಕು. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ‘ಆಯುಧ’ ಅಂತ ಮಾತ್ರ ಹೇಳಬೇಡಿ. ಆಯುಧಪೂಜೆಯಲ್ಲಿ ಸುತ್ತಿಗೆಗೂ ಕುಂಕುಮ ಹಚ್ಚುವವರು ನಾವು. ಇಲ್ಲಿ ಸುತ್ತಿಗೆ ಹಿಡಿದವನಿಗೂ ಗನ್ ಇಟ್ಟವನಿಗೂ ವರ್ಷಗಳ ಅಂತರವಿದೆ. ‘ಬಂದೂಕು’ ಅಂದರೆ ಅಕ್ಕನಿಗೆ ಉದ್ದ ನಳಿಗೆಯೇ ಕಣ್ಣಿಗೆ ಬರುತ್ತದಂತೆ. ಅದಕ್ಕೇ ಗನ್ ಅಂತಲೇ ಬಿಟ್ಟಿದ್ದೇನೆ.

ಇನ್ನೊಂದು ತೊಡಕು ‘ಸುಲಿಗೆ’. ಅಂಗಡಿ ದರೋಡೆ ಸಾಮಾನ್ಯವಾಗಿ ಇಲ್ಲಿ ಆಯಾ ರಾಜ್ಯದ ಕೇಸು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದರೆ 1946ರ ಹಾಬ್ಸ್ ಆಕ್ಟ್ ಕೆಳಗೆ ಫೆಡರಲ್ ಕೇಸೂ ಆಗಬಹುದು. ಆ ಕಾಯ್ದೆಯಲ್ಲಿ ಎರಡು ಬೇರೆ ಅಪರಾಧಗಳಿವೆ. ಒಂದು, ಮಾಲೀಕನ ಇಷ್ಟಕ್ಕೆ ವಿರುದ್ಧವಾಗಿ ಬಲವಂತದಿಂದ ಕಿತ್ತುಕೊಳ್ಳುವುದು. ಇನ್ನೊಂದು, ಹೆದರಿಸಿ ಅವನೇ ಒಪ್ಪಿ ಕೊಡುವಂತೆ ಮಾಡುವುದು. ನಮ್ಮ ಪೊಲೀಸರ ಪಟ್ಟಿಯಲ್ಲಿ ಮೊದಲನೆಯದು ಸುಲಿಗೆ. ಪತ್ರಿಕೆಗಳಲ್ಲಿ ಎರಡನೆಯದೂ ಸುಲಿಗೆ! ದರೋಡೆ ಅಂದರೆ ಕೆಲವರಿಗೆ ಐದು ಜನ ಸೇರಿ ಮಾಡುವ ಡಕಾಯಿತಿ. ಇಲ್ಲಿ ಬಂದವರು ಮೂವರು. ಆದರೂ ಓದುವವರಿಗೆ ತಟ್ಟನೆ ತಿಳಿಯಲಿ ಅಂತ ‘ದರೋಡೆ’ ಅಂತ ಬರೆದಿದ್ದೇನೆ. ಬೇಡ ಅನ್ನುವವರು ಕಾರಣ ಹೇಳಿ.

‘ಪೆರೋಲ್’ ಬಗ್ಗೆಯೂ ಒಂದು ಮಾತು. 1987ರ ನವೆಂಬರ್‌ನಿಂದ ಈಚೆಗಿನ ಅಪರಾಧಗಳಿಗೆ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ ಇಲ್ಲ. ಇದನ್ನು ಹಾಗೇ ಬರೆದಿದ್ದೆ. “ಅಂದ್ರ ಅವ್ವ ತೀರಿಕೊಂಡ್ರೂ ಬಿಡೂದಿಲ್ಲೇನು?” ಅಂತ ಅಕ್ಕ ಕೇಳಿದರು. ನಮ್ಮೂರಲ್ಲಿ ಪೆರೋಲ್ ಅಂದರೆ ಮದುವೆಗೋ ಮಣ್ಣಿಗೋ ನಾಲ್ಕು ದಿನ ಹೊರಗೆ ಬಿಡುವುದು. ಇಲ್ಲಿ ಅದು ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ ಮಾಡುವುದು. ಈಗ ‘ಅವಧಿಗೆ ಮೊದಲೇ ಷರತ್ತಿನ ಬಿಡುಗಡೆ ಇಲ್ಲ, ಸನ್ನಡತೆಗೆ ವರ್ಷಕ್ಕೆ ಹೆಚ್ಚೆಂದರೆ 54 ದಿನ ಕಡಿತ’ ಅಂತ ತಿದ್ದಿದ್ದೇನೆ.

ಇದೇ ಕಾಗದದಲ್ಲಿ ದರೋಡೆಗೆ ‘ಗರಿಷ್ಠ 20 ವರ್ಷ’ ಅಂತಲೂ ಇದೆ. ದಯವಿಟ್ಟು ಸುದ್ದಿ ಬರೆಯುವ ಗೆಳೆಯರು ಇಂಥದ್ದನ್ನು ‘20 ವರ್ಷ ಜೈಲು’ ಅಂತ ಮಾಡಬೇಡಿ. ಅದು ಕಾನೂನಿನ ಮೇಲ್ಮಿತಿ, ಜಡ್ಜ್ ಕೊಟ್ಟ ಶಿಕ್ಷೆ ಅಲ್ಲ. ಗನ್ನಿನ 7 ವರ್ಷ ಮಾತ್ರ ಕನಿಷ್ಠ, ಮತ್ತು ಅದು ದರೋಡೆಯ ಶಿಕ್ಷೆಯ ಜೊತೆಜೊತೆಗೆ ಸವೆಯುವುದಿಲ್ಲ. ಇದಕ್ಕೆ ‘ಒಂದು ಮುಗಿದ ಮೇಲೆ ಇನ್ನೊಂದು’ ಅಂತ ಬರೆದಾಗ ಅಕ್ಕ ತಲೆಯಾಡಿಸಿದರು. ಆ ಸಾಲು ಇನ್ನು ಮುಟ್ಟುವುದಿಲ್ಲ.

ಉಳಿದಿರುವುದು ಆ ಒಂದು ಪದ. ಮುಂದಿನ ತಿಂಗಳು ಅಕ್ಕ ಜಡ್ಜ್ ಮುಂದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಭಾಷಿ ಇರುತ್ತಾರೆ. ಅವನು ಅಂಗಿ ಎತ್ತಿ ಟೊಂಕಕ್ಕೆ ಕೈ ಇಟ್ಟದ್ದನ್ನು ಒಂದೇ ಕ್ರಿಯಾಪದದಲ್ಲಿ ಹೇಳಬೇಕಾದರೆ ನಿಮ್ಮ ಊರಲ್ಲಿ ಏನನ್ನುತ್ತೀರಿ?