ಕುಮಟಾ, ತೋಡಿನ ಬದಿ ನಿವಾಸಿಗಳ ಗುಂಪು: ರಾತ್ರಿ ಬಾಯ್ಲರ್ ಹತ್ರ ಇದ್ದದ್ದು ಯಾರು?

ಸುಧಾ, ಬೆಳಿಗ್ಗೆ 5:40
ರಾತ್ರಿ ಎರಡು ಗಂಟೆಗೆ ಗೇರುಬೀಜ ಫ್ಯಾಕ್ಟರಿ ಬಾಯ್ಲರ್ ಅಷ್ಟು ಹೊತ್ತು ಬೊಬ್ಬೆ ಹೊಡೀತು, ಗುಂಪಲ್ಲಿ ಒಬ್ಬರದ್ದೂ ಉಸಿರಿಲ್ಲ. ನಮ್ಮ ಮಾವನವರು ಎದೆ ಹಿಡ್ಕೊಂಡು ಕೂತಿದ್ರು. ನಾನು ಮಾಳಿಗೆ ಹತ್ತಿ ನೋಡಿದೆ. ಮೀಸೆ ಸರಿಯಾಗಿ ಮೂಡದ ಹುಡುಗ, ಬಾಯಲ್ಲಿ ಮೊಬೈಲ್ ಕಚ್ಚಿ ಅದರ ಟಾರ್ಚ್ ಬೆಳಕಲ್ಲಿ ಏಣಿ ಹತ್ತಿ, ಆವಿ ನುಗ್ತಾ ಇದ್ದ ವಾಲ್ವಿಗೆ ಸರಳಲ್ಲಿ ಕುಟ್ತಾ ಇದ್ದ. ಆಮೇಲೆ ಸದ್ದು ಗಪ್. ಈ ಸಲ ನಾನು ಬಿಡೂದಿಲ್ಲ.

ಪ್ರದೀಪ
ಎರಡು ಗಂಟೆಗೆ ಯಾರ ಮನೇಲಪ್ಪಾ ಇಡ್ಲಿಗೆ ಇಟ್ರು ಅಂದ್ಕಂಡೆ

ರಾಘಣ್ಣ
ಹೊಸ ಶೆಡ್ ಎಬ್ಬಿಸುವಾಗಲೇ ತಕರಾರು ಹಾಕಿ ಅಂದಿದ್ದೆ. ಆಗ ಯಾರು ಬಂದ್ರಿ?

ರಾಘಣ್ಣ
ಆ ಜಾಗ ಮಾರಿದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಹೆಸರು ಹೇಳೂದಿಲ್ಲ.

ರಾಘಣ್ಣ
ಹೇಳಿದ್ರೆ ಬೇಜಾರಾಗ್ತದೆ.

ನಾಗೇಶ
ನಮ್ಮ ಅಪ್ಪ ಮಾರಿದ್ದು. ಹೇಳಿ ಮಾರಾಯ್ರೆ, ಎಂತಕ್ಕೆ ಹೆದರಿಕೆ? ನಿಮ್ಮ ಕಂಪೌಂಡ್ ಗಟಾರದ ಮೇಲೆ ಬಂದದ್ದನ್ನೂ ಒಟ್ಟಿಗೇ ಹೇಳಿ.

ಶಾಂತಕ್ಕ
ಫಾರ್ವರ್ಡ್: ಶುಭೋದಯ. ಬೆಳಿಗ್ಗೆ ಎದ್ದು ಎರಡು ಲೋಟ ಬಿಸಿನೀರು ಕುಡಿದರೆ ನೂರು ರೋಗ ದೂರ. ಹತ್ತು ಜನರಿಗೆ ಕಳಿಸಿ.

ದಾಂಡೇಲಿ ಮಾಮ
ಸುಧಾ, ನೀನು ನೋಡಿದ್ದು ಸಣ್ಣ ವಿಷಯ ಅಲ್ಲ. ವಾಲ್ವ್ ಕೂಗಿದ್ದು ತಪ್ಪಲ್ಲ. ಒತ್ತಡ ಮಿತಿ ಮೀರಿದಾಗ ಆವಿ ಹೊರಗೆ ಬಿಡೂದೇ ಸೇಫ್ಟಿ ವಾಲ್ವಿನ ಕೆಲ್ಸ. ಆಗ ಅಟೆಂಡೆಂಟ್, ಅಂದ್ರೆ ಬಾಯ್ಲರ್ ನೋಡ್ಕೊಳ್ಳುವವ, ಬೆಂಕಿ ಇಳಿಸ್ಬೇಕು, ನೀರಿನ ಮಟ್ಟ ತೋರಿಸೂ ಗೇಜ್ ಗ್ಲಾಸಲ್ಲಿ ನೀರೆಷ್ಟು ಅಂತ ನೋಡ್ಬೇಕು. ಅದರ ಬಾಯಿ ಕುಟ್ಟಿ ಮುಚ್ಚಿಸಿದ್ರೆ ಒಳಗಿನ ಒತ್ತಡ ಎಲ್ಲಿಗೆ ಹೋಗ್ಬೇಕು? ಕಾಗದದ ಮಿಲ್ಲಲ್ಲಿ ನಾವ್ಯಾರಾದ್ರೂ ಹೀಗೆ ಮಾಡಿದ್ರೆ ಅವತ್ತೇ ಮನೆಗೆ.
ಗ್ಲಾಸಲ್ಲಿ ನೀರೇ ಕಾಣದಿದ್ರೆ ಗಾಬರಿಯಲ್ಲಿ ಪಂಪ್ ಹಾಕೂದು ಇನ್ನೂ ಅಪಾಯ. ಮೊದಲು ಬೆಂಕಿ ಎಳೀಬೇಕು. ನೀರು ಹೊರಗಿನ ಗಾಳಿಯ ಒತ್ತಡದಲ್ಲಿ ಆವಿಯಾದ್ರೆ ಸುಮಾರು 1,600 ಪಟ್ಟು ಜಾಗ ಬೇಕು. ಇದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರೂದಿಲ್ಲ.

ನಾಗೇಶ
ಅದು ಬೇಬಿ ಬಾಯ್ಲರ್, ಸಣ್ಣದು, ಅದಕ್ಕೆ ಕಾನೂನು ಬರೂದಿಲ್ಲ ಅಂತ ಅವರ ಮ್ಯಾನೇಜರ್ ಹೇಳ್ತಿದ್ರಪ್ಪ.

ದಾಂಡೇಲಿ ಮಾಮ
25 ಲೀಟರಿಗಿಂತ ಕಡಿಮೆ ಹಿಡಿಯೂದನ್ನು ಬಿಡ್ತಾರೆ. ನಮ್ಮನೆ ಬಚ್ಚಲ ಹಂಡೆ ಅದಕ್ಕಿಂತ ದೊಡ್ಡದು. 1923ರ ಕಾಯ್ದೆ ಹೋಗಿ 2025ರ ಬಾಯ್ಲರ್ ಕಾಯ್ದೆ ಬಂತು, ಆದ್ರೂ ಮೂಲ ಅದೇ. ಬಾಯ್ಲರ್ ನೋಂದಣಿ ಆಗಿರ್ಬೇಕು, ತಪಾಸಣೆ ಆಗಿ ಸರ್ಟಿಫಿಕೇಟ್ ಚಾಲ್ತಿ ಇರ್ಬೇಕು, ನಡೆಸೂದಕ್ಕೆ ಪರೀಕ್ಷೆ ಪಾಸಾದ ಅಟೆಂಡೆಂಟ್ ಬೇಕು. ಸೇಫ್ಟಿ ವಾಲ್ವ್ ಕೆಡಿಸಿದ್ರೆ 2 ವರ್ಷದವರೆಗೆ ಜೈಲು. ಹಗಲು ಪಾಳಿಗೆ ಒಬ್ಬ ಇದ್ರೆ ಸಾಕಾಗೂದಿಲ್ಲ. ರಾತ್ರಿ ಬೆಂಕಿ ಇದ್ರೆ ರಾತ್ರಿಯೂ ಅಂವ ಬೇಕು.

ರಾಘಣ್ಣ
ಕಾಯ್ದೆ ಗಿಯ್ದೆ ಬಿಡಿ ಮಾಮ. ಗೇಟಿಗೆ ಬೀಗ ಜಡೀಬೇಕು. ಇಡೀ ಬಡಾವಣೆ ರಸ್ತೆಗಿಳೀಬೇಕು. ನಾನೇ ಮುಂದೆ ನಿಲ್ತೆ.

ಲಕ್ಷ್ಮಿ
ಬೀಗ ಜಡದ್ರೆ ನಮ್ಮ ಹೊಟ್ಟೆಗೆ ನೀವು ಹಾಕ್ತ್ರಾ? ಈ ಓಣಿಯಿಂದ ಎಷ್ಟು ಹೆಂಗಸ್ರು ಬೀಜ ಒಡೀಲಿಕ್ಕೆ ಹೋಗ್ತೇವೆ ಗೊತ್ತುಂಟಾ?

ರಾಘಣ್ಣ
ನೋಡಿ, ಇದೇ ನಮ್ಮ ಸಮಸ್ಯೆ. ಒಗ್ಗಟ್ಟಿಲ್ಲ.

ಸುಧಾ
ಲಕ್ಷ್ಮಿ, ಬಂದ್ ಮಾಡಿ ಅಂತ ನಾನು ಹೇಳೂದಿಲ್ಲ. ಬೀಜ ಬೇಯಿಸೂ ಬಾಯ್ಲರಿಂದ ನೀವು ಕೂತ್ಕೊಳ್ಳೂ ಜಾಗಕ್ಕೆ ನಡುವೆ ಒಂದು ತಗಡಿನ ಗೋಡೆ. ಏನಾದ್ರೂ ಆದ್ರೆ ಮೊದಲು ನೀವು, ಆ ಹುಡುಗ, ಆಮೇಲೆ ನಾವು.

ಲಕ್ಷ್ಮಿ
ಅದು ಹೌದು. ಬಾಯ್ಲರ್ ನೋಡ್ತಿದ್ದ ಹಳೇ ಜನ ಮಳೆಗಾಲಕ್ಕೆ ಮುಂಚೆ ಬಿಟ್ಟು ಹೋದ್ರು. ಆಮೇಲೆ ಸಿಪ್ಪೆ ಹೊರೂ ಹುಡುಗನೇ ಒಲೆಗೆ ಸಿಪ್ಪೆಯನ್ನೂ ಹಾಕ್ತಾ, ಬಾಯ್ಲರನ್ನೂ ನೋಡ್ತಾ.

ದಾಂಡೇಲಿ ಮಾಮ
ನೀರು ಎಲ್ಲಿಂದ? ತೋಡಿನ ಬದಿ ಬಾವಿಯಾ?

ಲಕ್ಷ್ಮಿ
ಹೌದು. ಬೇಸಿಗೆಗೆ ಉಪ್ಪಾಗ್ತದೆ, ಆದ್ರೂ ಅದೇ.

ದಾಂಡೇಲಿ ಮಾಮ
ಆಗ ಒಳಗೆ ಪದರ ಕಟ್ಟಿರ್ತದೆ. ಲೋಹಕ್ಕೆ ನೀರಿನ ತಂಪು ಸಿಗದೆ ಹೆಚ್ಚು ಕಾಯ್ತದೆ. ದಿನಾ ಬ್ಲೋಡೌನ್ ಮಾಡ್ಬೇಕು, ಅಂದ್ರೆ ಅಡಿಯ ಕೆಸರು ನೀರು ಹೊರಗೆ ಬಿಡ್ಬೇಕು, ನೀರು ಪರೀಕ್ಷೆ ಮಾಡ್ಬೇಕು. ಕಲಿತವ ಬೇಕು ಅನ್ನೂದು ಇದಕ್ಕೇ.

ಪ್ರದೀಪ
ಗಿಬ್ ಸರ್ಕಲ್ ಹತ್ರ ಬಂಗಡೆ ಬಂದಿದೆ, ತಾಜಾ. ಬೇಕಾದವರು ಬೇಗ ಹೇಳಿ

ಸುಧಾ
ಪ್ರದೀಪಾ, ಸ್ವಲ್ಪ ತಡಿ. ಪತ್ರ ಬರೆದಿದ್ದೇನೆ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೆ ಒಂದು, ಎಸಿ ಆಫೀಸಿಗೆ ಒಂದು ಪ್ರತಿ. ಮೂರೇ ಮಾತು ಕೇಳಿದ್ದೇನೆ. ಬಾಯ್ಲರ್ ಸರ್ಟಿಫಿಕೇಟ್ ಯಾವತ್ತಿನವರೆಗೆ ಇದೆ? ರಾತ್ರಿ ಪಾಳಿಯ ಅಟೆಂಡೆಂಟ್ ಯಾರು, ಅವರ ಸರ್ಟಿಫಿಕೇಟ್ ಎಲ್ಲಿ? ಕುಟ್ಟಿದ ವಾಲ್ವನ್ನು ಇನ್‌ಸ್ಪೆಕ್ಟರ್ ನೋಡೂವರೆಗೆ ಬೆಂಕಿ ಹಾಕ್ಬಾರ್ದು. ಹುಡುಗನ ಮೇಲೆ ಕೇಸ್ ಬೇಡ ಅಂತಲೂ ಬರೆದಿದ್ದೇನೆ, ಅವನನ್ನು ಅಲ್ಲಿ ನಿಲ್ಲಿಸಿದವರು ಉತ್ತರ ಕೊಡ್ಲಿ. ಸೋಮವಾರ ಹತ್ತು ಗಂಟೆಗೆ ಯಾರ್ಯಾರು ಬರ್ತೀರಿ?

ರಾಘಣ್ಣ
ಪತ್ರ ಹೀಗಲ್ಲ. ಅಧ್ಯಕ್ಷರ ಹೆಸರಲ್ಲಿ ಹೋಗ್ಬೇಕು.

ನಾಗೇಶ
ಯಾರು ಅಧ್ಯಕ್ಷರು? ಚುನಾವಣೆ ಯಾವಾಗ ಆಯ್ತು?

ರಾಘಣ್ಣ
ಅದನ್ನ ಗಟಾರ ಮುಚ್ಚಿದವರು ಕೇಳೂದು ಬೇಡ.

ನಾಗೇಶ
ಮುಚ್ಚಿದ್ದು ನಿಮ್ಮ ಕಂಪೌಂಡ್.

ಶಾಂತಕ್ಕ
ಗಟಾರದ ಮಾತು ಬಂತಲ್ಲ, ಒಂದು ಮಳೆಗೆ ನಮ್ಮ ಅಂಗಳ ತುಂಬಿ ನಿಂತಿದೆ. ಸೊಳ್ಳೆ ಕಾಟ. ಅದಕ್ಕೊಂದು ದಾರಿ ಮಾಡಿ ಪುಣ್ಯ ಕಟ್ಕೊಳ್ಳಿ.

ಅಡ್ಮಿನ್
ಇದು ತುರ್ತು. ನನ್ನ ಪರಿಚಯದ ಜೆಸಿಬಿ ಇದೆ, ಭಾನುವಾರ ಬರ್ತದಂತೆ. ಮನೆಗೆ 300 ಹಾಕಿದ್ರೆ ಆಗ್ತದೆ.

ರಾಘಣ್ಣ
ಮೊದಲು ಅಳತೆ ಆಗ್ಲಿ.

ಪ್ರದೀಪ
300 ಓಕೆ

ಶಾಂತಕ್ಕ
ನಮ್ಮದೂ ಓಕೆ

ಸುಧಾ
ಸೋಮವಾರದ್ದು ಯಾರೂ ಹೇಳ್ಲಿಲ್ಲ.

ದಾಂಡೇಲಿ ಮಾಮ
ನಾನು ಬರ್ತೆ. ನನ್ನ ಹಳೇ ಸರ್ಟಿಫಿಕೇಟ್ ಹಿಡ್ಕೊಂಡೇ ಬರ್ತೆ, ಎಂತಾದ್ದು ಇರ್ಬೇಕು ಅಂತ ಅವರೂ ನೋಡ್ಲಿ.

ಲಕ್ಷ್ಮಿ
ನಾ ಬರೂಕೆ ಆಗೂದಿಲ್ಲ ಅಕ್ಕ, ಕೆಲ್ಸ ಹೋಗ್ತದೆ. ರಾತ್ರಿ ಬೆಂಕಿ ಹಾಕಿದ್ರೆ ಫೋನ್ ಮಾಡ್ತೆ.

ಅಡ್ಮಿನ್
ಇಲ್ಲಿವರೆಗೆ ಜೆಸಿಬಿಗೆ 14 ಮನೆ ಒಪ್ಪಿದೆ. ಉಳಿದವರು ಸಂಜೆಯೊಳಗೆ ಹೇಳಿ.

ಸುಧಾ
ನಮ್ಮನೆ 300 ಸೇರಿಸ್ಕೊಳ್ಳಿ, ದುಡ್ಡು ಒಟ್ಟು ಮಾಡೂ ಕೆಲ್ಸವೂ ನನಗೇ ಇರ್ಲಿ. ಪತ್ರ ನಮ್ಮ ಜಗಲಿ ಮೇಲೆ ಇಟ್ಟಿದ್ದೇನೆ. ದುಡ್ಡು ಕೊಡೂಕೆ ಬಂದವರು ಓದಿ ಸಹಿ ಹಾಕಿ ಹೋಗಿ.